ಜೇಬಿಗೆ ಬಟನ್ ಫೋನು, ಗೂಡಿಗೆ ಟಚ್ ಫೋನು

ಮಕ್ಕಳ ಕೈಯಿಂದ ಫೋನು ಬಿಡಿಸುವುದು ಹೇಗೆ ಎಂಬ ದೂರು ಶಾಲೆಯ ಪೋಷಕರ ಸಭೆಯಲ್ಲಿ, ಹಾಲಿನ ಡೇರಿಯ ಮುಂದೆ, ಮದುವೆಮನೆಯ ಚಪ್ಪರದಡಿಯಲ್ಲಿ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ದೂರು ಹೇಳುವವರ ಹೆಬ್ಬೆರಳೂ ಅದೇ ಹೊತ್ತಿಗೆ ಪರದೆಯ ಮೇಲೆ ಓಡುತ್ತಿರುತ್ತದೆ ಎಂಬುದನ್ನು ಯಾರೂ ಎತ್ತಿ ಆಡುವುದಿಲ್ಲ, ಎತ್ತಿದರೆ ಜಗಳವಾಗುತ್ತದೆ. ನಾವು ಹುಡುಕುವ ಪರಿಹಾರವೆಲ್ಲ ಮಗುವಿನ ಕಡೆಗೇ. ಪಾಸ್‌ವರ್ಡ್ ಬದಲಿಸು, ನೆಟ್ ಆಫ್ ಮಾಡು, ಪರೀಕ್ಷೆ ಮುಗಿಯುವವರೆಗೆ ಬೀರುವಿನಲ್ಲಿಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ, ಅದರಲ್ಲೂ ದೊಡ್ಡೇರಿ ಹೋಬಳಿಯಂಥ ಕಡೆಯ ಊರುಗಳಲ್ಲಿ, ಈ ಕೆಲಸವನ್ನು ಇನ್ನೊಂದು ತುದಿಯಿಂದ ಶುರುಮಾಡಬಹುದು, ಮಾಡಬೇಕು ಎಂಬುದು ನನ್ನ ವಾದ. ದೊಡ್ಡವರು ತಮ್ಮ ಜೇಬಿನಲ್ಲಿ ಬಟನ್ ಫೋನು ಇಟ್ಟುಕೊಳ್ಳಲಿ; ಟಚ್ ಫೋನು ಮನೆಯೊಳಗೆ ಒಂದು ಗೊತ್ತಾದ ಜಾಗದಲ್ಲಿರಲಿ. ಹಿಂದಿನ ಕಾಲವೇ ಚೆನ್ನಾಗಿತ್ತು ಎಂಬ ಹಂಬಲದಿಂದ ಇದನ್ನು ಹೇಳುತ್ತಿಲ್ಲ. ಸಲಕರಣೆ ಸರಳವಾದಷ್ಟೂ ದೊಡ್ಡವರು ಏನು ಮಾಡುತ್ತಿದ್ದಾರೆ ಎಂಬುದು ಮಗುವಿನ ಕಣ್ಣಿಗೆ ಬೀಳುತ್ತದೆ; ಕಣ್ಣಿಗೆ ಬೀಳದ ನಡತೆ ಎಷ್ಟೇ ಒಳ್ಳೆಯದಾಗಿರಲಿ, ಅದು ಮಗುವಿಗೆ ಮಾದರಿಯಾಗಲಾರದು.

ಫೋನು ಈ ಊರುಗಳ ಒಳಮನೆಗೆ ಬಂದದ್ದು ಬರೀ ಮೋಜಿಗಾಗಿ ಅಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾಗಿ ನೆಟ್ ಅಗ್ಗವಾಯಿತು. 2020ರಲ್ಲಿ ಕೊರೊನಾ ಶಾಲೆಗೆ ಬೀಗ ಹಾಕಿಸಿತು; ಚಂದನ ವಾಹಿನಿಯಲ್ಲಿ ಸಂವೇದ ಪಾಠ, ದೇವಸ್ಥಾನದ ಜಗಲಿಯಲ್ಲಿ ವಿದ್ಯಾಗಮ, ಉಳಿದದ್ದಕ್ಕೆಲ್ಲ ವಾಟ್ಸ್‌ಆ್ಯಪ್ ಗುಂಪು ಎಂದಾಯಿತು. ಅಲ್ಲಿಯವರೆಗೆ ಬೇಡ ಎಂದಿದ್ದ ಮನೆಗಳೂ ಮಕ್ಕಳ ಓದಿಗೆಂದು ಸಾಲ ಮಾಡಿ ಫೋನು ತಂದವು. ಶಾಲೆ ತೆರೆಯಿತು, ಫೋನು ಉಳಿಯಿತು. ಗ್ರಾಮೀಣ ಭಾರತದ ಮಕ್ಕಳನ್ನು ಕುರಿತ ಅಸರ್ 2024ರ ಸಮೀಕ್ಷೆಯ ಪ್ರಕಾರ 14ರಿಂದ 16 ವರ್ಷದವರಲ್ಲಿ ನೂರಕ್ಕೆ ಸುಮಾರು 90 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, 82 ಮಕ್ಕಳಿಗೆ ಅದನ್ನು ಬಳಸಲು ಬರುತ್ತಿತ್ತು. ಬಳಸಬಲ್ಲವರಲ್ಲಿ ಹಿಂದಿನ ವಾರ ಓದಿಗೆ ಸಂಬಂಧಿಸಿದ ಏನನ್ನಾದರೂ ಅದರಲ್ಲಿ ಮಾಡಿದ್ದವರು ಶೇ 57. ಸಾಮಾಜಿಕ ಜಾಲತಾಣ ನೋಡಿದ್ದವರು ಶೇ 76. ಈ ಎರಡು ಅಂಕಿಗಳನ್ನು ಪತ್ರಿಕೆಗಳೆಲ್ಲ ಬರೆದವು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದೇ ವರದಿಯ ಇನ್ನೊಂದು ಸಂಗತಿ: ಬಳಸಬಲ್ಲ ಮಕ್ಕಳಲ್ಲಿ ಸ್ವಂತ ಫೋನು ಇದ್ದವರು ಮೂರರಲ್ಲೊಂದು ಪಾಲಿನಷ್ಟೂ ಇಲ್ಲ. ಅಂದರೆ ಮಗುವಿಗೆ ಅಂಟಿಕೊಂಡಿದೆ ಎಂದು ನಾವು ಗೋಳಾಡುವ ಫೋನು ಬಹುಪಾಲು ಮನೆಗಳಲ್ಲಿ ಅಪ್ಪನದು, ಅಮ್ಮನದು, ಇಲ್ಲವೇ ಅಣ್ಣನದು. ಅದನ್ನು ಯಾವಾಗ ಎಲ್ಲಿ ಇಡುತ್ತೇವೆ ಎಂಬುದು ಇನ್ನೂ ದೊಡ್ಡವರ ಕೈಯಲ್ಲೇ ಇದೆ.

ಮಕ್ಕಳು ಹೇಳಿದ್ದಕ್ಕಿಂತ ಕಂಡದ್ದನ್ನು ಕಲಿಯುತ್ತಾರೆ ಎಂಬುದು ಅಜ್ಜಿಯರಿಗೆ ಗೊತ್ತಿದ್ದ ವಿಷಯ. ಸ್ಟ್ಯಾನ್‌ಫೋರ್ಡ್‌ನಲ್ಲಿ ಆಲ್ಬರ್ಟ್ ಬಂಡೂರ 1961ರಲ್ಲಿ 72 ಮಕ್ಕಳೊಂದಿಗೆ ಮಾಡಿದ ಪ್ರಯೋಗ ಅದಕ್ಕೆ ಪುರಾವೆ ಕೊಟ್ಟಿತು: ದೊಡ್ಡವರೊಬ್ಬರು ಗಾಳಿಬೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ಹೊಡೆತದ ವರಸೆಯನ್ನೂ ಜೊತೆಗೆ ಆಡಿದ ಮಾತನ್ನೂ ನಕಲು ಮಾಡಿದರು. ಆದರೆ ಈ ಮಾತನ್ನು ಫೋನಿಗೆ ಅನ್ವಯಿಸುವಾಗ ನಾವು ಒಂದು ತೊಡಕನ್ನು ಗಮನಿಸುವುದಿಲ್ಲ. ಅಪ್ಪ ಕಡಲೆಕಾಯಿ ಮಾರಿದ ಲೆಕ್ಕವನ್ನು ಪುಸ್ತಕದಲ್ಲಿ ಬರೆದರೆ ಲೆಕ್ಕ ಬರೆಯುತ್ತಿದ್ದಾನೆ ಎಂದು ಮಗುವಿಗೆ ಕಾಣುತ್ತದೆ. ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಎಂದು ನೋಡಿದರೆ ಅದೂ ಕಾಣುತ್ತದೆ. ರೇಡಿಯೊ ಕೇಳುವುದು, ಟಾರ್ಚು ಹಿಡಿದು ಹಿತ್ತಿಲಿಗೆ ಹೋಗುವುದು, ಅಲಾರಂ ಗಡಿಯಾರಕ್ಕೆ ಕೀ ಕೊಡುವುದು, ಪೇಪರ್ ಓದುವುದು, ಒಂದೊಂದಕ್ಕೂ ಒಂದೊಂದು ಭಂಗಿ, ಒಂದೊಂದು ಶುರು, ಒಂದೊಂದು ಮುಗಿತಾಯ ಇತ್ತು. ಟಚ್ ಫೋನು ಇವೆಲ್ಲವನ್ನೂ ಒಂದೇ ಭಂಗಿಗೆ ಇಳಿಸಿತು: ತಲೆ ತಗ್ಗಿಸಿ ಕೂತ ಮನುಷ್ಯ. ಅವನು ಹುಣಸೆಹಣ್ಣಿನ ಧಾರಣೆ ನೋಡುತ್ತಿದ್ದಾನೋ, ಸಂಘದ ಸಾಲದ ಕಂತು ಕಟ್ಟುತ್ತಿದ್ದಾನೋ, ರೀಲ್ಸ್ ತಿರುವುತ್ತಿದ್ದಾನೋ ಪಕ್ಕದಲ್ಲಿ ಕೂತ ಮಗಳಿಗೆ ತಿಳಿಯುವುದಿಲ್ಲ. ಕೇಳಿದರೆ ‘ಕೆಲ್ಸ ಐತೆ ಕಣಮ್ಮ’ ಎಂಬ ಉತ್ತರ ಬರುತ್ತದೆ. ಅದು ನಿಜವೂ ಇರಬಹುದು. ಆದರೆ ಮಗಳು ಕಲಿತದ್ದು ಕೆಲಸವನ್ನಲ್ಲ, ತಲೆ ತಗ್ಗಿಸುವುದನ್ನು. ಎಷ್ಟೇ ಶಿಸ್ತಿನಿಂದ ಫೋನು ಬಳಸುವ ತಂದೆಯೂ ಹೀಗಾಗಿ ಕೆಟ್ಟ ಮಾದರಿಯಾಗಿಬಿಡುತ್ತಾನೆ, ಅವನ ಶಿಸ್ತು ಪರದೆಯ ಹಿಂದೆ ಅಡಗಿರುವುದರಿಂದ. ಮಕ್ಕಳ ವೈದ್ಯೆ ಜೆನ್ನಿ ರಡೆಸ್ಕಿ ಮತ್ತು ಸಂಗಡಿಗರು ಅಮೆರಿಕದ ಬೋಸ್ಟನ್ ಸುತ್ತಲಿನ ಹೋಟೆಲುಗಳಲ್ಲಿ ಮಕ್ಕಳೊಂದಿಗೆ ಊಟಕ್ಕೆ ಬಂದ 55 ದೊಡ್ಡವರನ್ನು ದೂರದಿಂದ ಗಮನಿಸಿ 2014ರಲ್ಲಿ ವರದಿ ಬರೆದರು. 40 ಮಂದಿ ಊಟದ ನಡುವೆ ಫೋನು ಹಿಡಿದರು. ಅದರಲ್ಲಿ ಮುಳುಗಿದವರು ಮಗು ಕೀಟಲೆ ಮಾಡಿ ಕರೆದರೆ ಗದರಿದ್ದೂ ಕಂಡಿತು. ನಮ್ಮ ಪಡಸಾಲೆಗಳಲ್ಲಿ ಹೀಗೆ ಕೂತು ಎಣಿಸಿದವರಿಲ್ಲ. ಎಣಿಸಿದರೆ ಬೇರೆ ಫಲಿತಾಂಶ ಬರುತ್ತದೆಂದು ನಂಬಲು ನನಗೆ ಕಾರಣವೇನೂ ಕಾಣುವುದಿಲ್ಲ.

ಹಾಗಾದರೆ ಫೋನು ಅದೇ ಇರಲಿ, ನಾವು ಕಡಿಮೆ ನೋಡಿದರಾಯಿತಲ್ಲ, ಅದಕ್ಕೆ ಸೆಟ್ಟಿಂಗ್ಸ್‌ನಲ್ಲೇ ಸಮಯ ಮಿತಿಯ ವ್ಯವಸ್ಥೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಆ ಮಿತಿ ಮುಟ್ಟಿದಾಗ ಪರದೆ ‘ಇವತ್ತಿಗೆ ಸಾಕು’ ಎನ್ನುತ್ತದೆ, ಅದರ ಕೆಳಗೇ ಮಿತಿ ತೆಗೆಯುವ ದಾರಿಯನ್ನೂ ತೋರಿಸುತ್ತದೆ. ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಚಿಲಕಕ್ಕೇ ನೇತುಹಾಕಿದ ಹಾಗೆ. ಎದುರಾಳಿ ಸಾಮಾನ್ಯನೂ ಅಲ್ಲ. ಕೆಳಗೆ ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ವಿಷಾದ ಹೇಳಿದ್ದಾರೆ; ಪುಟ ಮುಗಿಯದಿದ್ದರೆ ನಿಲ್ಲಿಸಬೇಕೆಂಬ ನೆನಪೇ ಬರುವುದಿಲ್ಲ. ಇದಕ್ಕಿಂತ ನೇರವಾದ ಪುರಾವೆ 2025ರ ಫೆಬ್ರುವರಿಯಲ್ಲಿ ಪಿಎನ್‌ಎಎಸ್ ನೆಕ್ಸಸ್ ಎಂಬ ನಿಯತಕಾಲಿಕದಲ್ಲಿ ಬಂತು. ಅಮೆರಿಕ, ಕೆನಡಾಗಳ 467 ಮಂದಿ ಎರಡು ವಾರ ತಮ್ಮ ಫೋನಿನಲ್ಲಿ ಇಂಟರ್‌ನೆಟ್ ಬಂದ್ ಮಾಡಿಕೊಳ್ಳಲು ಒಪ್ಪಿದರು. ಕರೆ, ಮೆಸೇಜು ಎಂದಿನಂತೆ ನಡೆಯುತ್ತಿದ್ದವು. ಬಟನ್ ಫೋನು ಮಾಡುವುದೂ ಇಷ್ಟನ್ನೇ. ದಿನಕ್ಕೆ ಸರಾಸರಿ 314 ನಿಮಿಷವಿದ್ದ ಅವರ ಫೋನ್ ಬಳಕೆ 161ಕ್ಕೆ ಇಳಿಯಿತು. ಗಮನ, ಮನಸ್ಸಿನ ಆರೋಗ್ಯ, ನೆಮ್ಮದಿ ಈ ಮೂರರಲ್ಲಿ ಒಂದಾದರೂ ಸುಧಾರಿಸಿದವರು ಶೇ 91. ಎರಡು ವಾರ ಬಿಗಿಯಾಗಿ ಪಾಲಿಸಲು ಬಹಳ ಜನರಿಂದ ಆಗಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಮುಚ್ಚಿಡದೆ ಹೇಳಿದೆ. ನನ್ನ ವಾದಕ್ಕೆ ಅದು ಇನ್ನೂ ಬಲ ಕೊಡುತ್ತದೆ: ತಾವೇ ಒಪ್ಪಿ ಬಂದವರಿಗೂ ಟಚ್ ಫೋನು ಕೈಯಲ್ಲಿಟ್ಟುಕೊಂಡು ಸಂಯಮದಿಂದಿರುವುದು ಕಷ್ಟವಾಯಿತು.

ವಿಜ್ಞಾನಿಗಳೆಲ್ಲ ಒಂದೇ ಮಾತು ಹೇಳುತ್ತಿಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಷಿಬಿಲ್‌ಸ್ಕಿ ಲಕ್ಷಾಂತರ ಹದಿಹರೆಯದವರ ಮಾಹಿತಿಯನ್ನು ಜಾಲಾಡಿ 2019ರಲ್ಲಿ ತಲುಪಿದ ತೀರ್ಮಾನ ಹೀಗಿತ್ತು: ಮಕ್ಕಳ ಕ್ಷೇಮದಲ್ಲಿ ಕಾಣುವ ಏರುಪೇರಿಗೆ ಡಿಜಿಟಲ್ ಬಳಕೆಯಿಂದ ಕೊಡಬಹುದಾದ ವಿವರಣೆ ಹೆಚ್ಚೆಂದರೆ ಶೇ 0.4ರಷ್ಟು. ಫೋನು ಒಂದು ಪೀಳಿಗೆಯನ್ನೇ ಹಾಳುಮಾಡಿತು ಎಂದು ಕೂಗುವವರು ಈ ಸಂಖ್ಯೆಯನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು. ಆದರೆ ಅದು ಲಕ್ಷಾಂತರ ಮಕ್ಕಳ ಸರಾಸರಿ ಲೆಕ್ಕ. ಊಟದ ಹೊತ್ತಿನಲ್ಲಿ ಅಪ್ಪ ಮಗಳ ಮಾತಿಗೆ ಮುಖವೆತ್ತಿ ಉತ್ತರಿಸಿದನೇ ಎಂಬುದನ್ನು ಅದು ಅಳೆಯುವುದಿಲ್ಲ. ಬಟನ್ ಫೋನಿಗೆ ಮರಳಿದರೆ ಮಗುವಿನ ಖಿನ್ನತೆ ಹೋಗುತ್ತದೆ, ಅಂಕ ಏರುತ್ತದೆ ಎಂದು ನಾನು ಹೇಳುತ್ತಿಲ್ಲ. ಊಟ ನಿದ್ದೆ ಬಿಟ್ಟು ಫೋನಿನ ಆಟದಲ್ಲಿ ಮುಳುಗಿದ ಹುಡುಗನಿಗೆ ವೈದ್ಯರೇ ಬೇಕು. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಅದಕ್ಕೆಂದೇ ಶಟ್ ಕ್ಲಿನಿಕ್ ನಡೆಸುತ್ತಿದೆ.

ಈ ಸೀಮೆಯಲ್ಲಿ ಬಟನ್ ಫೋನು ವಸ್ತುಸಂಗ್ರಹಾಲಯ ಸೇರಿಲ್ಲ. ಟಾರ್ಚು ಇದ್ದ, ದೂಳು ನುಗ್ಗದ ನೋಕಿಯಾ 1100 ಮಾರುಕಟ್ಟೆಗೆ ಬಂದದ್ದು 2003ರಲ್ಲಿ. ಲೋಕದಲ್ಲೆಲ್ಲ 25 ಕೋಟಿಗೂ ಹೆಚ್ಚು ಮಾರಾಟವಾದ ಆ ಫೋನಿನ ಮೊಮ್ಮಕ್ಕಳು ಇವತ್ತೂ ಮಧುಗಿರಿಯ ಮೊಬೈಲ್ ಅಂಗಡಿಯಲ್ಲಿ ಸಾವಿರ, ಎರಡು ಸಾವಿರಕ್ಕೆ ಸಿಗುತ್ತವೆ. ರಾತ್ರಿ ತ್ರೀ ಫೇಸ್ ಕರೆಂಟು ಬಂದರೆ ತೋಟಕ್ಕೆ ಹೋಗದೆ ಬೋರ್‌ವೆಲ್ ಮೋಟರು ಚಾಲು ಮಾಡುವ ಮೊಬೈಲ್ ಸ್ಟಾರ್ಟರಿಗೆ ಬೇಕಾದದ್ದು ಒಂದು ಕರೆ ಅಷ್ಟೇ. ಎಷ್ಟೋ ಸ್ಟಾರ್ಟರುಗಳಿಗೆ ಯಾವ ಬಟನ್ ಫೋನಾದರೂ ಸಾಕು. ಹಣ ಕಳಿಸಲು ರಿಸರ್ವ್ ಬ್ಯಾಂಕ್ 2022ರ ಮಾರ್ಚಿನಲ್ಲಿ ಯುಪಿಐ 123ಪೇ ತಂದಿತು. ಒಂದು ಸಂಖ್ಯೆಗೆ ಕರೆ ಮಾಡಿ ಧ್ವನಿ ಹೇಳಿದಂತೆ ಗುಂಡಿ ಒತ್ತಿದರೆ ಹಣ ಹೋಗುತ್ತದೆ, ಇಂಟರ್‌ನೆಟ್ ಬೇಡ. 2024ರ ಅಕ್ಟೋಬರಿನಲ್ಲಿ ಅದರ ಮಿತಿಯನ್ನು 5,000ದಿಂದ 10,000 ರೂಪಾಯಿಗೆ ಏರಿಸಲು ತೀರ್ಮಾನವಾಯಿತು. ನೆಟ್ ಬೇಡದವರೂ ನೆಟ್ ಸೇರಿದ ಪ್ಯಾಕಿಗೇ ದುಡ್ಡು ಕಟ್ಟಬೇಕಿದ್ದ ಅನ್ಯಾಯಕ್ಕೆ ಅದೇ ವರ್ಷದ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ತಡೆ ಹಾಕಿ, ಕರೆ ಮತ್ತು ಮೆಸೇಜಿಗೆ ಮಾತ್ರ ಬೇರೆ ಪ್ಯಾಕ್ ಕೊಡಬೇಕೆಂದು ಕಂಪನಿಗಳಿಗೆ ವಿಧಿಸಿತು. ಬ್ಯಾಂಕಿನ ಒಟಿಪಿ ಬಟನ್ ಫೋನಿಗೇ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸರ್ಕಾರಿ ಯೋಜನೆಯ ಹೆಸರು ಹೊತ್ತು ಬರುವ ಮೋಸದ ಎಪಿಕೆ ಕಡತ ಅದರಲ್ಲಿ ತೆರೆದುಕೊಳ್ಳುವುದೇ ಇಲ್ಲ. ಕೊಳ್ಳುವಾಗ ಎರಡು ಎಚ್ಚರ ಬೇಕು. ಜಿಯೋ ಸಿಮ್ ಹಳೆಯ 2ಜಿ ಸೆಟ್ಟಿನಲ್ಲಿ ನಡೆಯದು, ಅದಕ್ಕೆ 4ಜಿ ಸೆಟ್ಟೇ ಆಗಬೇಕು. ಬಟನ್ ಇದ್ದ ಮಾತ್ರಕ್ಕೆ ಎಲ್ಲವೂ ಸರಳವಲ್ಲ. 2017ರ ಜಿಯೋಫೋನಿನಲ್ಲೂ ಯೂಟ್ಯೂಬ್ ಓಡುತ್ತಿತ್ತು.

ಹೆಚ್ಚು ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ, ಅದನ್ನು ತಂದೊಡ್ಡಿದ್ದು ಸರ್ಕಾರ. ಉದ್ಯೋಗ ಖಾತ್ರಿಯ ಹಾಜರಿಯನ್ನು ದಿನಕ್ಕೆರಡು ಸಲ ಫೋಟೊ ಸಮೇತ ಆ್ಯಪ್‌ಗೆ ಏರಿಸುವುದು 2023ರ ಜನವರಿಯಿಂದ ಬಹುತೇಕ ಎಲ್ಲ ಕಾಮಗಾರಿಗಳಿಗೂ ಕಡ್ಡಾಯವಾಯಿತು. ಕೂಲಿಕಾರರ ಹಾಜರಿ ಹಾಕುವ ಕಾಯಕ ಬಂಧುವಿನ ಕೈಗೆ ಟಚ್ ಫೋನು ಬಂದದ್ದು ಹಾಗೆ. ಅಂಗನವಾಡಿ ಕಾರ್ಯಕರ್ತೆಗೆ ಪೋಷಣ್ ಟ್ರ್ಯಾಕರ್ ಆ್ಯಪ್. ರೈತನೇ ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಯ ಆ್ಯಪ್‌ಗೆ ಹಾಕಬೇಕು. ಪಹಣಿಯಲ್ಲಿ ಬೆಳೆಯ ಹೆಸರು ತಪ್ಪಿದರೆ ವಿಮೆ, ಬರ ಪರಿಹಾರ ಎರಡಕ್ಕೂ ಕುತ್ತು. ಬರ ಹೊಸದಲ್ಲದ ಪಾವಗಡ, ಶಿರಾ, ಮಧುಗಿರಿಯ ರೈತನಿಗೆ ‘ಟಚ್ ಫೋನು ಬಿಡು’ ಎಂದರೆ ಅವನು ನಕ್ಕಾನು. ನಾನು ಬಿಡು ಎನ್ನುತ್ತಿಲ್ಲ, ಜೇಬಿನಿಂದ ತೆಗೆದು ಗೂಡಿಗಿಡು ಎನ್ನುತ್ತಿದ್ದೇನೆ. ಟಿ.ವಿ. ಪಕ್ಕದ ಕಪಾಟೋ ಹಳೆಯ ಮನೆಯ ಗೋಡೆಗೂಡೋ, ಒಂದು ಜಾಗ. ಚಾರ್ಜರು ಅಲ್ಲೇ, ಬಳಕೆಯೂ ಅಲ್ಲೇ. ಬೆಳೆ ಸಮೀಕ್ಷೆಯ ದಿನ ಹೊಲಕ್ಕೆ ಹೋಗಲಿ, ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯ ದಿನ ಫೋಟೊಗೆ ಬರಲಿ, ಸಂಜೆ ಗೂಡಿಗೆ ಮರಳಲಿ. ಕರ್ನಾಟಕದವರಿಗೆ ಈ ಏರ್ಪಾಡು ಅಪರಿಚಿತವಲ್ಲ. ಸರ್ಕಾರಿ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ಟೆಲಿಫೋನ್ ವಿನಿಮಯ ಕೇಂದ್ರ ಮೊದಲು ಶುರುವಾದದ್ದು 1986ರಲ್ಲಿ ನಮ್ಮದೇ ಕಿತ್ತೂರಿನಲ್ಲಿ; ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಎರಡು ದಶಕ ಫೋನು ಎಂದರೆ ಮನೆಯ ಅಥವಾ ಎಸ್‌ಟಿಡಿ ಬೂತಿನ ಒಂದು ಜಾಗ. ಮಾತಾಡಬೇಕಾದವರು ಅಲ್ಲಿಗೆ ಎದ್ದು ಹೋಗುತ್ತಿದ್ದರು, ಮುಗಿದ ಮೇಲೆ ಎದ್ದು ಬರುತ್ತಿದ್ದರು. ಗೂಡಿನ ಮುಂದೆ ನಿಂತು ಅಪ್ಪ ಹತ್ತು ನಿಮಿಷ ಆ್ಯಪ್‌ನಲ್ಲಿ ಕೆಲಸ ಮಾಡಿ ಫೋನು ಇಟ್ಟು ಬಂದರೆ, ಇದು ಕೆಲಸದ ಸಾಮಾನು ಎಂಬುದನ್ನು ಮಗುವಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ದುಡಿಯಲು ಬೆಂಗಳೂರಿಗೆ ಹೋದ ಅಪ್ಪ ಅಮ್ಮ, ಊರಿನಲ್ಲಿ ಅಜ್ಜಿಯ ಬಳಿ ಬೆಳೆಯುವ ಮಗು: ಪಾವಗಡ, ಮಧುಗಿರಿ ಕಡೆ ಇಂಥ ಸಂಸಾರ ಅಪರೂಪವಲ್ಲ. ಅವರಿಗೆ ವಿಡಿಯೊ ಕಾಲ್ ಬೇಡ ಎನ್ನುವುದು ಕ್ರೂರವಾಗುತ್ತದೆ. ಅಂಥ ಕರೆಯಲ್ಲಿ ಅಪ್ಪನ ಮುಖ ಪೂರ್ತಿ ಮಗುವಿನ ಕಡೆಗಿರುತ್ತದೆ. ಒಂದೇ ಚಾವಡಿಯಲ್ಲಿ ಕೂತು ತಲೆ ಎತ್ತದ ಅಪ್ಪನಿಗಿಂತ ಆ ದೂರದ ಅಪ್ಪನೇ ಮಗುವಿಗೆ ಹತ್ತಿರದವನು. ರಾತ್ರಿ ಎಂಟಕ್ಕೆ ಗೂಡಿನ ಫೋನಿಗೆ ಕರೆ ಬರುತ್ತದೆಂದು ಗೊತ್ತಿದ್ದರೆ ಮಗು ಆ ಹೊತ್ತಿಗೆ ಕಾಯುತ್ತದೆ.

ಇನ್ನು ಮಾನದ ಪ್ರಶ್ನೆ. ಬಟನ್ ಫೋನು ಎಂದರೆ ಬಡತನ, ಓದಿಲ್ಲದಿರುವಿಕೆ ಎಂಬ ಅರ್ಥ ಅಂಟಿಕೊಂಡಿದೆ. ಗಾರ್ಮೆಂಟ್ಸಿಗೆ ಹೋಗಿ ಕಂತಿನಲ್ಲಿ ಟಚ್ ಫೋನು ಕೊಂಡ ಹೆಣ್ಣುಮಗಳಿಗೆ ಅದು ಆಕೆಯ ದುಡಿಮೆಯ ಗುರುತು. ಆಕೆಗೆ ಸರಳತೆಯ ಪಾಠ ಹೇಳಲು ಹೊಟ್ಟೆ ತುಂಬಿದವರಿಗೆ ಏನು ಹಕ್ಕು? ಈ ಸಿಟ್ಟನ್ನು ನಾನು ಒಪ್ಪುತ್ತೇನೆ, ಅದಕ್ಕೇ ಒಂದು ಷರತ್ತನ್ನೂ ಸೇರಿಸುತ್ತೇನೆ: ಮೊದಲು ಫೋನು ಬದಲಾಯಿಸಬೇಕಾದವರು ಗಂಡಸರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದ ಗಂಡಸರು ದೇಶದಲ್ಲಿ ಶೇ 57.1 ಇದ್ದರೆ, ಹೆಂಗಸರು ಶೇ 33.3 ಮಾತ್ರ. ಎಷ್ಟೋ ಮನೆಗಳಲ್ಲಿ ಅಮ್ಮ ಇವತ್ತಿಗೂ ಬಟನ್ ಫೋನಿನಲ್ಲೇ ಇದ್ದಾಳೆ, ಅದನ್ನು ಯಾರೂ ‘ಮಾದರಿ’ ಎಂದು ಹೊಗಳಿಲ್ಲ. ಮಕ್ಕಳಿಗೆ ಮಾದರಿಯಾಗಿ ಎಂಬ ಕರೆ ಬಂದ ಕೂಡಲೇ ಅದರ ಹೊರೆ ತಾಯಿಯ ತಲೆಗೇ ಬೀಳುವುದು, ಗಂಡ ಮಾತ್ರ ಅರಳಿಕಟ್ಟೆಯ ಮೇಲೆ ಐಪಿಎಲ್ ನೋಡುತ್ತಾ ಕೂರುವುದು ನಡೆಯಬಾರದು. ಗೂಡಿನ ಫೋನು ಮನೆಯವರೆಲ್ಲರದಾದರೆ ಹೆಂಗಸರ ಪಾಲಿಗೆ ಇಂಟರ್‌ನೆಟ್ ಹೆಚ್ಚೇ ಸಿಕ್ಕೀತು. ಗಂಡನ ಜೇಬಿನಲ್ಲಿ ಊರು ಸುತ್ತುವ ಫೋನು ಆಕೆಯ ಕೈಗೆ ಸಿಗುವುದು ಅವನು ಮಲಗಿದ ಮೇಲೆ.

ಒಂದು ಮನೆ ಮಾತ್ರ ಹೀಗೆ ಮಾಡಿದರೆ ನೆರೆಮನೆಯ ಪರದೆ ಮಗುವನ್ನು ಕರೆಯುತ್ತದೆ, ಆದ್ದರಿಂದ ಊರು ಜೊತೆಗೂಡಿದರೆ ಕೆಲಸ ಹಗುರ. ಬೆಳಗಾವಿಗೆ ಹೊಂದಿಕೊಂಡ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಊರಿನಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ. ಒಂದೂವರೆ ಗಂಟೆ ಟಿ.ವಿ., ಫೋನು ಬಂದ್, ಮಕ್ಕಳಿಗೂ ದೊಡ್ಡವರಿಗೂ. ಐರ್ಲೆಂಡಿನ ಗ್ರೇಸ್ಟೋನ್ಸ್ ಪಟ್ಟಣದ ಎಂಟು ಪ್ರಾಥಮಿಕ ಶಾಲೆಗಳ ಪೋಷಕರು 2023ರಲ್ಲಿ ಮಕ್ಕಳು ಹೈಸ್ಕೂಲಿಗೆ ಹೋಗುವವರೆಗೆ ಸ್ಮಾರ್ಟ್‌ಫೋನ್ ಕೊಡುವುದಿಲ್ಲವೆಂದು ತಾವೇ ಮಾತು ಮಾಡಿಕೊಂಡರು. ಹದಿನಾರರ ಒಳಗಿನವರಿಗೆ ಜಾಲತಾಣವನ್ನೇ ಮುಚ್ಚಿದ ಆಸ್ಟ್ರೇಲಿಯಾದ ಕಾನೂನು 2025ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅದು ದೊಡ್ಡವರನ್ನು ಮುಟ್ಟುವುದಿಲ್ಲ. ಮುಟ್ಟಲು ಕಾನೂನಿನಿಂದ ಆಗುವುದೂ ಇಲ್ಲ. ವಡಗಾಂವ್ ನನಗೆ ಹೆಚ್ಚು ಇಷ್ಟವಾಗುವುದು ಅಲ್ಲಿ ಸೈರನ್ ಅಪ್ಪನಿಗೂ ಕೂಗುತ್ತದೆ ಎಂಬುದಕ್ಕೆ.

ನಮ್ಮಲ್ಲಿ ಶಾಲೆಯೂ ಇದರಲ್ಲಿ ಕೈಜೋಡಿಸಬೇಕಾಗುತ್ತದೆ. ಹೋಂವರ್ಕ್ ವಾಟ್ಸ್‌ಆ್ಯಪ್‌ಗೆ ಬಿದ್ದರೆ ಮಗು ಟಚ್ ಫೋನು ಕೇಳಲೇಬೇಕು, ಬಟನ್ ಫೋನಿನ ತಂದೆ ತಪ್ಪಿತಸ್ಥನಾಗಲೇಬೇಕು. ಹೋಂವರ್ಕನ್ನು ಕರಿಹಲಗೆಯಲ್ಲಿ ಬರೆದು ಪುಸ್ತಕಕ್ಕೆ ಇಳಿಸಿಕೊಳ್ಳಲು ಹೇಳಿದರೆ ಯಾರಿಗೂ ನಷ್ಟವಿಲ್ಲ. ಶಿಕ್ಷಣ ಇಲಾಖೆಯ ಮಧುಗಿರಿ ಉಪನಿರ್ದೇಶಕರ ಕಚೇರಿಯಿಂದ ನಾಲ್ಕೂ ತಾಲ್ಲೂಕಿಗೆ ಒಂದು ಸುತ್ತೋಲೆ ಸಾಕು. ಹುಡುಕಿ ಓದಬೇಕಾದದ್ದಕ್ಕೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರ ಮಕ್ಕಳ ದಿನಾಚರಣೆಯಿಂದ ‘ಓದುವ ಬೆಳಕು’ ಕಾರ್ಯಕ್ರಮದಡಿ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಅರಿವು ಕೇಂದ್ರಗಳೆನಿಸಿಕೊಂಡ ಹಲವು ಕಡೆ ಕಂಪ್ಯೂಟರೂ ಇದೆ. ನಾಲ್ಕು ಜನರ ಎದುರು ಮೇಜಿನ ಮೇಲಿರುವ ಪರದೆ ಹೊದಿಕೆಯೊಳಗಿನ ಪರದೆಗಿಂತ ಎಷ್ಟೋ ಮೇಲು. ಗ್ರಂಥಾಲಯದ ಬಾಗಿಲು ಸಂಜೆಯೂ ತೆರೆದಿದ್ದರೆ ಮಾತ್ರ ಇದು ಪ್ರಯೋಜನಕ್ಕೆ ಬರುತ್ತದೆ.

ಇನ್ನೊಂದು ಜಾಗ ಆಗಲೇ ಸಿದ್ಧವಾಗಿದೆ. ನಮ್ಮ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಶೌಚಾಲಯಕ್ಕೆ ನೀರಿಲ್ಲ, ಕಾಂಪೌಂಡು ಬಿದ್ದಿದೆ, ಬಸ್ಸು ಹೊತ್ತಿಗೆ ಬರುವುದಿಲ್ಲ ಎಂದು ಮಕ್ಕಳು ಎದ್ದು ನಿಂತು ಕೇಳುತ್ತಾರೆ, ದೊಡ್ಡವರು ಉತ್ತರ ಕೊಡುತ್ತಾರೆ. ದೊಡ್ಡೇರಿ ಹೋಬಳಿಯ ಪಂಚಾಯಿತಿಗಳು ಮುಂದಿನ ಸಭೆಯ ವಿಷಯಪಟ್ಟಿಗೆ ಮನೆಯ ದೊಡ್ಡವರ ಫೋನನ್ನೂ ಸೇರಿಸಲಿ. ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಎಷ್ಟು ಪರದೆ ಹೊತ್ತಿಕೊಂಡಿರುತ್ತವೆ, ಯಾವ ಹೊತ್ತಿನಲ್ಲಿ ಅಪ್ಪ ಅಮ್ಮ ಫೋನು ಕೆಳಗಿಡಬೇಕು ಎಂದು ಮಕ್ಕಳೇ ಹೇಳಲಿ, ಹೆಸರು ಹೇಳಬೇಕಾಗಿಲ್ಲ. ಪಿಡಿಒ ಅದನ್ನು ನಡಾವಳಿ ಪುಸ್ತಕಕ್ಕೆ ಬರೆದುಕೊಂಡು, ಎಷ್ಟು ಮನೆಗಳಲ್ಲಿ ಟಚ್ ಫೋನು ಗೂಡು ಸೇರಿತು ಎಂಬುದನ್ನು ಮರುವರ್ಷದ ಸಭೆಯಲ್ಲಿ ಆ ಮಕ್ಕಳಿಂದಲೇ ಕೇಳಿ ದಾಖಲಿಸಲಿ.